ಕಳಕಪ್ಪ ಎಲ್ಲಿ ಬರಬೇಕು? ಟೆಂಪ್ಲೇಟ್‌ನಿಂದ ಡೇಟಾಬೇಸ್ ಮಾಡುವ ಬಗ್ಗೆ

ನಮ್ಮದು ಸಣ್ಣ ಆಫೀಸು. ಹಳ್ಳಿಗಳ ಹಾಲು ಉತ್ಪಾದಕರ ಸಂಘಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಊರಲ್ಲಿ ಯಾರೂ ಅದನ್ನು ಸಂಘ ಅನ್ನುವುದಿಲ್ಲ, ಡೇರಿ ಅನ್ನುತ್ತಾರೆ. ನಾನೂ ಹಾಗೇ ಬರೆಯುತ್ತೇನೆ. ಒಂದು ಡೇರಿಗೆ ಒಂದು ಡೇಟಾಬೇಸ್. ಒಬ್ಬರ ಲೆಕ್ಕ ಇನ್ನೊಬ್ಬರಿಗೆ ತಾಗಬಾರದು, ಒಬ್ಬರು ಬ್ಯಾಕಪ್ ಕೇಳಿದರೆ ಅವರದ್ದಷ್ಟೇ ತೆಗೆದು ಕೊಡಲು ಬರಬೇಕು, ಅದಕ್ಕೇ ಮೊದಲಿನಿಂದಲೂ ಹೀಗೆ ಮಾಡಿಕೊಂಡು ಬಂದಿದ್ದೇವೆ. ಹಾಗಾಗಿ ಹೊಸ ಡೇರಿ ಸೇರಿದಾಗಲೆಲ್ಲ ಹೊಸ ಡೇಟಾಬೇಸ್ ಬೇಕು. ಟೇಬಲ್‌ಗಳು, ಖಾತೆಗಳ ಪಟ್ಟಿ, ಎಕ್ಸ್‌ಟೆನ್ಶನ್‌ಗಳು (ಹೆಚ್ಚುವರಿ ಸೌಲಭ್ಯಗಳ ಪೊಟ್ಟಣಗಳು), ಯಾರಿಗೆ ಯಾವ ಪರ್ಮಿಶನ್ ಅನ್ನುವುದು, ಎಲ್ಲವೂ ಎಲ್ಲ ಕಡೆ ಒಂದೇ ಥರ ಇರಬೇಕು.

ಈ ಕೆಲಸಕ್ಕೆ ನಾವು ಬಳಸುವ ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್ ಸಾಫ್ಟ್‌ವೇರ್‌ನಲ್ಲಿ ಟೆಂಪ್ಲೇಟ್ ಅಂತ ಒಂದು ಏರ್ಪಾಡು ಇದೆ. ಪೋಸ್ಟ್‌ಗ್ರೆಸ್ ಬಳಸುವ ತುಂಬಾ ಜನರಿಗೆ ಅದರ ಹೆಸರು ಗೊತ್ತು, ಆದರೆ ಒಳಗೆ ಏನು ನಡೆಯುತ್ತದೆ ಅಂತ ನೋಡಿದವರು ಕಡಿಮೆ. ನಾನೂ ಎರಡು ಸಲ ಪೆಟ್ಟು ತಿಂದ ಮೇಲೇ ಸರಿಯಾಗಿ ಕೂತು ಓದಿದ್ದು. ಆ ಎರಡೂ ಕಥೆ ಇಲ್ಲಿ ಹೇಳುತ್ತೇನೆ. ಈಗ ಹೇಗೆ ಮಾಡುತ್ತೇವೆ ಅನ್ನುವುದನ್ನೂ ಹೇಳುತ್ತೇನೆ.

ಮೊದಲು ವಿಷಯ. ನೀವು ಕ್ರಿಯೇಟ್ ಡೇಟಾಬೇಸ್ ಅಂತ ಕಮಾಂಡ್ ಕೊಟ್ಟಾಗ ಪೋಸ್ಟ್‌ಗ್ರೆಸ್ ಖಾಲಿ ಜಾಗದಿಂದ ಏನನ್ನೂ ಕಟ್ಟುವುದಿಲ್ಲ. ಈಗಾಗಲೇ ಇರುವ ಒಂದು ಡೇಟಾಬೇಸನ್ನು ಹಾಗೇ ನಕಲು ಮಾಡುತ್ತದೆ. ಯಾವುದನ್ನು ಅಂತ ನೀವು ಹೇಳದಿದ್ದರೆ ಟೆಂಪ್ಲೇಟ್1 ಅನ್ನುವುದನ್ನು. ಸರ್ವರ್ ಮೊದಲ ಸಲ ಸಿದ್ಧವಾದಾಗ ಮೂರು ಡೇಟಾಬೇಸ್ ತಾವಾಗಿಯೇ ಇರುತ್ತವೆ: ಟೆಂಪ್ಲೇಟ್0, ಟೆಂಪ್ಲೇಟ್1, ಮತ್ತೆ ಪೋಸ್ಟ್‌ಗ್ರೆಸ್ ಅನ್ನುವ ಹೆಸರಿನದೇ ಇನ್ನೊಂದು. ಶುರುವಿನಲ್ಲಿ ಸೊನ್ನೆಯದ್ದಕ್ಕೂ ಒಂದರದ್ದಕ್ಕೂ ಒಳಗಿನ ಸರಕಿನಲ್ಲಿ ವ್ಯತ್ಯಾಸ ಇಲ್ಲ. ಆದರೆ ಟೆಂಪ್ಲೇಟ್0ಗೆ ಯಾರೂ ಕನೆಕ್ಟ್ ಆಗಲು ಆಗುವುದಿಲ್ಲ, ಅದಕ್ಕೇ ಅದು ಯಾವಾಗಲೂ ಹೊಸದಾಗಿ ಬಂದ ಹಾಗೇ ಉಳಿಯುತ್ತದೆ. ಟೆಂಪ್ಲೇಟ್1ಗೆ ಕನೆಕ್ಟ್ ಆಗಬಹುದು, ಏನು ಬೇಕಾದರೂ ಸೇರಿಸಬಹುದು. ಅಲ್ಲಿ ಸೇರಿಸಿದ್ದೆಲ್ಲ ಆಮೇಲೆ ಮಾಡಿದ ಪ್ರತಿ ಡೇಟಾಬೇಸ್‌ಗೂ ಬರುತ್ತದೆ. ಟೇಬಲ್ ಬರುತ್ತದೆ, ಫಂಕ್ಷನ್ ಬರುತ್ತದೆ, ಟೇಬಲ್ ಒಳಗಿನ ಡೇಟಾ ಬರುತ್ತದೆ, ಸೀಕ್ವೆನ್ಸ್ (ತಾನಾಗಿ ಮುಂದಿನ ನಂಬರ್ ಕೊಡುವ ಎಣಿಕೆ) ಎಲ್ಲಿಗೆ ನಿಂತಿತ್ತೋ ಆ ನಂಬರ್ ಕೂಡ ಬರುತ್ತದೆ.

ನಮ್ಮ ಕಡೆ ಗೌರಿ ಹುಣ್ಣಿಮೆಗೆ ಸಕ್ಕರೆ ಗೊಂಬೆ ಮಾಡುತ್ತಾರೆ, ಮರದ ಅಚ್ಚಿಗೆ ಬಿಸಿ ಪಾಕ ಹೊಯ್ದು. ಅಚ್ಚಿನಲ್ಲಿ ಗಿಳಿಯ ಕೊಕ್ಕು ಮುರಿದಿದ್ದರೆ ಆ ವರ್ಷದ ಗಿಳಿಗಳೆಲ್ಲ ಕೊಕ್ಕಿಲ್ಲದವೇ. ನಮ್ಮಲ್ಲಿ ಆದದ್ದೂ ಅದೇ.

ಒಂದು ದಿನ ಹೊಸ ಡೇಟಾಬೇಸ್ ಮಾಡುವುದಿತ್ತು. ಕಮಾಂಡ್ ಕೊಡಲು ಎಲ್ಲಿಗಾದರೂ ಕನೆಕ್ಟ್ ಆಗಿರಬೇಕಲ್ಲ, ಟೆಂಪ್ಲೇಟ್1ಗೆ ಕನೆಕ್ಟ್ ಆಗಿ ಆ ಕೆಲಸ ಮುಗಿಸಿದೆ. ವಿಂಡೋ ಮುಚ್ಚಲಿಲ್ಲ. ಮಧ್ಯಾಹ್ನ ಊಟ ಮಾಡಿ ಬಂದು ಹಾಲು ಖರೀದಿ ಟೇಬಲ್‌ನ ಒಂದು ಹಳೇ ಕರಡನ್ನು ಸುಮ್ನೆ ಓಡಿಸಿ ನೋಡೋಣ ಅಂತ ಅದೇ ವಿಂಡೋದಲ್ಲಿ ಹಾಕಿದೆ. ಆ ಕರಡಿನಲ್ಲಿ ಫ್ಯಾಟ್ ಕಾಲಂ ಪೂರ್ಣಾಂಕ ಅಂತ ಇತ್ತು, ಅಂದರೆ ಇಂಟಿಜರ್. ಪಾಯಿಂಟ್ ಆದ ಮೇಲಿನದ್ದಕ್ಕೆ ಅಲ್ಲಿ ಜಾಗ ಇಲ್ಲ. ನೋಡಬೇಕಾದದ್ದು ನೋಡಿಕೊಂಡೆ, ಡ್ರಾಪ್ ಮಾಡಲು ಮರೆತೆ, ಮನೆಗೆ ಹೋದೆ. ಕರ್ಸರ್‌ನ ಎಡಗಡೆಗೇ ಟೆಂಪ್ಲೇಟ್1 ಅಂತ ಹೆಸರು ತೋರಿಸುತ್ತಾ ಇತ್ತು. ದಿನಕ್ಕೆ ನೂರು ಸಲ ನೋಡುವ ಜಾಗ ಅದು, ಅವತ್ತು ಕಣ್ಣಿಗೆ ಬೀಳಲಿಲ್ಲ.

ಕೆಲವು ತಿಂಗಳ ಮೇಲೆ ಗದಗ ಕಡೆಯ ಒಂದು ಹಳ್ಳಿಯ ಡೇರಿ ಸೇರಿತು. ಡೇಟಾಬೇಸ್ ಮಾಡಿ ಮಾಮೂಲಿ ಸ್ಕ್ರಿಪ್ಟ್ ಓಡಿಸಿದೆವು. ಒಂದೂ ಎರರ್ ಬರಲಿಲ್ಲ. ಬಂದಿದ್ದರೆ ಚೆನ್ನಾಗಿರುತ್ತಿತ್ತು! ನಮ್ಮ ಸ್ಕ್ರಿಪ್ಟ್‌ನಲ್ಲಿ ಪ್ರತಿ ಟೇಬಲ್‌ಗೂ 'ಇಲ್ಲದಿದ್ದರೆ ಮಾತ್ರ ಮಾಡು' ಅನ್ನುವ ಷರತ್ತು ಇತ್ತು. ಹಾಲು ಖರೀದಿ ಟೇಬಲ್ ಆಗಲೇ ಇತ್ತು, ಅದಕ್ಕೆ ಪೋಸ್ಟ್‌ಗ್ರೆಸ್ ಒಂದು ನೋಟಿಸ್ ತೋರಿಸಿ ಮುಂದೆ ಹೋಯಿತು. ನೂರಾರು ಸಾಲುಗಳ ನಡುವೆ ಆ ನೋಟಿಸ್ ಯಾರು ಓದುತ್ತಾರೆ?

ಎರಡನೇ ದಿನ ಡೇರಿ ಕಾರ್ಯದರ್ಶಿಯಿಂದ ಫೋನ್. "ಸರ, ಇಲ್ಲೊಬ್ಬಾಕಿ ಅಕ್ಕ ಚೀಟಿ ಹಿಡ್ಕೊಂಡು ನಿಂತಾಳ್ರೀ. ನಿನ್ನೆ ಮಟಾ ನಾಕು ಪಾಯಿಂಟ್ ನಾಕು ಬರ್ತಿತ್ತು, ಈಗ ಬರೇ ನಾಕು ಯಾಕ ಅಂತ ಕೇಳಾಕತ್ಯಾಳ. ನೋಡಿದ್ರ ಎಲ್ಲಾರದೂ ನಾಕ ಐತ್ರೀ."

ಹಾಲಿನ ದರ ನಿಂತಿರುವುದೇ ಫ್ಯಾಟ್ ಮತ್ತು ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಘನಾಂಶ) ಮೇಲೆ. ಪೋಸ್ಟ್‌ಗ್ರೆಸ್ ದಶಮಾಂಶದ ಸಂಖ್ಯೆಯನ್ನು ಇಂಟಿಜರ್ ಕಾಲಂಗೆ ಹಾಕುವಾಗ ಬೇಡ ಅನ್ನುವುದಿಲ್ಲ, ಹತ್ತಿರದ ಪೂರ್ಣ ಸಂಖ್ಯೆಗೆ ತಿರುಗಿಸಿ ಇಟ್ಟುಕೊಳ್ಳುತ್ತದೆ. 3.8 ಹೋದರೆ 4, 4.4 ಹೋದರೂ 4. ಚೆನ್ನಾಗಿ ಹಿಂಡಿ ಹಾಕಿ ಆಕಳು ಸಾಕಿದವಳಿಗೆ ಹಣ ಕಡಿಮೆ, ಪಕ್ಕದವರಿಗೆ ಜಾಸ್ತಿ. ಆ ಅಕ್ಕ ಚೀಟಿ ಓದದೇ ಕಿಸೆಗೆ ಹಾಕಿಕೊಂಡು ಹೋಗಿದ್ದರೆ ಎಷ್ಟು ದಿನ ಹೀಗೇ ನಡೆಯುತ್ತಿತ್ತೋ. ಡೇರಿಯಲ್ಲಿ ಕೈಬರಹದ ರಿಜಿಸ್ಟರ್ ಇನ್ನೂ ಇಟ್ಟಿದ್ದರು, ಅದು ನಮ್ಮನ್ನು ಉಳಿಸಿತು. ಕಾಲಂ ಸರಿಮಾಡಿ, ಎರಡು ದಿನದ ಎಲ್ಲ ಎಂಟ್ರಿಗಳನ್ನೂ ರಿಜಿಸ್ಟರ್ ನೋಡಿ ಮತ್ತೆ ಹಾಕಿದೆವು. ಕಾರ್ಯದರ್ಶಿ ಓದುತ್ತಾ ಹೋದರು, ನಾನು ಫೋನ್ ಸ್ಪೀಕರ್‌ಗೆ ಹಾಕಿಕೊಂಡು ಟೈಪ್ ಮಾಡುತ್ತಾ ಹೋದೆ. ರಾತ್ರಿ ಹನ್ನೊಂದಾಯಿತು. ಆ ಅಕ್ಕನಿಗೆ ಮರುದಿನ ಹೊಸ ಚೀಟಿ ಕೊಟ್ಟೆವು ಅಂತ ಕಾರ್ಯದರ್ಶಿ ಹೇಳಿದಾಗ ಸ್ವಲ್ಪ ನಿರಾಳ ಆಯಿತು.

ಅವತ್ತೇ ಆಫೀಸಿನಲ್ಲಿ ಒಂದು ಮಾತು ಮಾಡಿಕೊಂಡೆವು. ಟೆಂಪ್ಲೇಟ್1ರ ಒಳಗೆ ನಮ್ಮದು ಏನೂ ಇರಬಾರದು. ಡೇಟಾಬೇಸ್ ಮಾಡುವ ಕಮಾಂಡ್ ಕೊಡಲು ಪೋಸ್ಟ್‌ಗ್ರೆಸ್ ಅನ್ನುವ ಆ ಮೂರನೇ ಡೇಟಾಬೇಸ್ ಇದೆಯಲ್ಲ, ಅಲ್ಲಿಗೆ ಕನೆಕ್ಟ್ ಆದರೆ ಸಾಕು. ಕೆಟ್ಟುಹೋದ ಟೆಂಪ್ಲೇಟ್1 ಏನು ಮಾಡುವುದು? ಅದನ್ನು ತೆಗೆದುಹಾಕಿ ಟೆಂಪ್ಲೇಟ್0ಯಿಂದ ಮತ್ತೆ ಮಾಡಬಹುದು. ಟೆಂಪ್ಲೇಟ್ ಅನ್ನುವ ಗುರುತು ಇರುವವರೆಗೆ ಡ್ರಾಪ್ ಮಾಡಲು ಬಿಡುವುದಿಲ್ಲ, ಮೊದಲು ಆ ಗುರುತು ತೆಗೆಯಬೇಕು. ಹೊಸದು ಮಾಡಿದ ಮೇಲೆ ಗುರುತು ಮತ್ತೆ ಹಾಕಲು ಮರೆಯಬೇಡಿ. ಎರಡು ನಿಮಿಷದ ಕೆಲಸ, ಆದರೂ ಮಾಡುವಾಗ ನನ್ನ ಕೈ ನಡುಗಿತ್ತು.

ಇನ್ನೊಂದು ಕಥೆ ಅಕ್ಷರದ್ದು. ಕನ್ನಡದಲ್ಲಿ ಡೇಟಾ ಇಡುವ ಯಾರಿಗಾದರೂ ಇದು ಬೇಕಾಗುತ್ತದೆ ಅಂತ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮಹಾಸಭೆಗೆ ಸದಸ್ಯರ ಪಟ್ಟಿ ಪ್ರಿಂಟ್ ತೆಗೆದಿದ್ದರು. ಅದೇ ಕಾರ್ಯದರ್ಶಿ ಪಟ್ಟಿಯ ಮೇಲೆ ಬೆರಳಿಟ್ಟು ಕೇಳಿದರು, "ಸರ, ಕಳಕಪ್ಪ ಇಷ್ಟ ಮ್ಯಾಲೆ ಯಾಕ ಬಂದಾನ್ರೀ? ಅಂವ ಕಸ್ತೂರೆವ್ವನ ಕೆಳಗ ಬರಬೇಕಲ್ಲ." ಪಟ್ಟಿಯಲ್ಲಿ ಹೀಗಿತ್ತು: ಕಲ್ಲಪ್ಪ, ಕಳಕಪ್ಪ, ಕವಿತಾ, ಕಸ್ತೂರೆವ್ವ. ಅವರ ಕೈಬರಹದ ಪಟ್ಟಿಯಲ್ಲಿ: ಕಲ್ಲಪ್ಪ, ಕವಿತಾ, ಕಸ್ತೂರೆವ್ವ, ಕಳಕಪ್ಪ. ಅವರದ್ದೇ ಸರಿ. ನಾವು ಶಾಲೆಯಲ್ಲಿ ಕಲಿತ ವರ್ಣಮಾಲೆ ಯ ರ ಲ ವ ಶ ಷ ಸ ಹ ಳ. ಳಕಾರ ಕೊನೆಗೆ. ಯೂನಿಕೋಡ್‌ನಲ್ಲಿ ಅಕ್ಷರಗಳಿಗೆ ನಂಬರ್ ಕೊಟ್ಟಿರುವಾಗ ಮಾತ್ರ ಳಕಾರ ಲಕಾರದ ಪಕ್ಕದಲ್ಲೇ ಕೂತಿದೆ, ವಕಾರಕ್ಕಿಂತ ಮೊದಲು. ಬರೀ ನಂಬರ್ ನೋಡಿ ಜೋಡಿಸಿದರೆ ಕಳಕಪ್ಪ ಕವಿತಾಗಿಂತ ಮೇಲೆ ಬರುತ್ತಾನೆ. ಬಳ್ಳಾರಿ ಬಸವಕಲ್ಯಾಣಕ್ಕಿಂತ ಮೊದಲು ಬರುತ್ತದೆ.

ನಮ್ಮ ಸರ್ವರ್ ಸಿದ್ಧ ಮಾಡುವಾಗ ಲೊಕೇಲ್ (ಯಾವ ಭಾಷೆಯ ನಿಯಮದಂತೆ ನಡೆಯಬೇಕು ಅನ್ನುವುದು) ಸಿ ಅಂತ ಕೊಟ್ಟಿದ್ದೆವು, ಅಂದರೆ ಬರೀ ನಂಬರ್ ನೋಡಿ ಜೋಡಿಸು ಅಂತ. ಟೆಂಪ್ಲೇಟ್1 ಹಾಗಿತ್ತು, ಅದರಿಂದ ಬಂದ ಡೇಟಾಬೇಸ್‌ಗಳೂ ಎಲ್ಲ ಹಾಗೇ. ಹೊಸ ಡೇಟಾಬೇಸ್‌ಗಾದರೂ ಕನ್ನಡದ ಲೊಕೇಲ್ ಕೊಡೋಣ ಅಂತ ಹೋದರೆ ಎರರ್ ಬಂತು. ಟೆಂಪ್ಲೇಟ್‌ನಲ್ಲಿ ಇರುವುದಕ್ಕೂ ನೀವು ಕೇಳಿದ್ದಕ್ಕೂ ಹೊಂದುವುದಿಲ್ಲ, ಟೆಂಪ್ಲೇಟ್0 ಬಳಸಿ ಅಂತ ಸುಳಿವನ್ನೂ ಅದೇ ಕೊಡುತ್ತದೆ. ಇದಕ್ಕೆ ಕಾರಣ ಇದೆ. ಟೆಂಪ್ಲೇಟ್1ರ ಒಳಗೆ ಯಾರಾದರೂ ಟೇಬಲ್ ಇಟ್ಟಿರಬಹುದು, ಬೇಗ ಹುಡುಕಲು ಇರುವ ಅದರ ಇಂಡೆಕ್ಸ್ ಹಳೇ ಕ್ರಮದಲ್ಲೇ ಜೋಡಿಸಿಕೊಂಡಿರುತ್ತದೆ. ನಕಲು ಮಾಡಿ ಹೊಸ ಕ್ರಮ ಹೇಳಿದರೆ ಇಂಡೆಕ್ಸ್ ಒಂದು ಕಡೆ ಹುಡುಕುತ್ತದೆ, ಹೆಸರು ಇನ್ನೊಂದು ಕಡೆ ಇರುತ್ತದೆ. ಟೆಂಪ್ಲೇಟ್0ರಲ್ಲಿ ಅಂಥದ್ದು ಏನೂ ಇಲ್ಲ ಅಂತ ಪೋಸ್ಟ್‌ಗ್ರೆಸ್‌ಗೆ ಗೊತ್ತು. ಅದಕ್ಕೇ ಅಲ್ಲಿಂದ ಹೊರಟರೆ ಎನ್‌ಕೋಡಿಂಗ್ (ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಕ್ರಮ) ಆಗಲಿ ಲೊಕೇಲ್ ಆಗಲಿ ನಮಗೆ ಬೇಕಾದದ್ದು ಕೇಳಬಹುದು.

2022ರಲ್ಲಿ ಬಂದ ಪೋಸ್ಟ್‌ಗ್ರೆಸ್ 15ರಿಂದ ಇಡೀ ಡೇಟಾಬೇಸ್‌ಗೇ ಅಕ್ಷರ ಜೋಡಿಸುವ ನಿಯಮಗಳಿರುವ ಐಸಿಯು ಅನ್ನುವ ಲೈಬ್ರರಿಯ ಕ್ರಮ ಕೊಡಬಹುದು. ಅದರ ಕನ್ನಡದ ನಿಯಮದಲ್ಲಿ ಳಕಾರ ಹಕಾರದ ಆಚೆಗೇ ಇದೆ. ಅದಕ್ಕಿಂತ ಹಳೇ ವರ್ಷನ್‌ನಲ್ಲೂ, 10ರಿಂದ ಈಚೆಗೆ, ಒಂದೊಂದು ಕ್ವೆರಿಗೆ ಅಥವಾ ಒಂದೊಂದು ಕಾಲಂಗೆ ಐಸಿಯು ಕ್ರಮ ಕೇಳಬಹುದಿತ್ತು. ಆದರೆ ನಲವತ್ತು ರಿಪೋರ್ಟ್ ಇರುವಾಗ ಯಾವುದಾದರೂ ಒಂದರಲ್ಲಿ ಬಿಟ್ಟುಹೋಗುವುದು ಗ್ಯಾರಂಟಿ. ಡೇಟಾಬೇಸ್ ಹುಟ್ಟುವಾಗಲೇ ಕನ್ನಡ ಗೊತ್ತಿರಲಿ ಅನ್ನುವುದು ನನ್ನ ಹಟ. ಹಳೇ ಡೇಟಾಬೇಸ್‌ಗಳ ಕ್ರಮವನ್ನು ಅಲ್ಲೇ ಬದಲಿಸಲು ಬರುವುದಿಲ್ಲ. ಡಂಪ್ ತೆಗೆದು (ಇರುವುದನ್ನೆಲ್ಲ ಒಂದು ಫೈಲ್‌ಗೆ ಬರೆದುಕೊಂಡು), ಟೆಂಪ್ಲೇಟ್0ಯಿಂದ ಹೊಸದು ಮಾಡಿ, ಅದರೊಳಗೆ ರೀಸ್ಟೋರ್ ಮಾಡಿ, ಹೆಸರು ಅದಲು ಬದಲು ಮಾಡಬೇಕು. ಒಂದೊಂದು ಭಾನುವಾರ ಎರಡೆರಡು ಡೇರಿ ಅಂತ ಮುಗಿಸಿದೆವು.

ಹ್ಞಾಂ, ಡಂಪ್ ರೀಸ್ಟೋರ್ ಮಾಡುವಾಗ ಯಾವಾಗಲೂ ಟೆಂಪ್ಲೇಟ್0ಯಿಂದ ಮಾಡಿದ ಡೇಟಾಬೇಸ್‌ಗೇ ಮಾಡಿ. ಡಂಪ್‌ನಲ್ಲಿ ಎಲ್ಲವೂ ಇರುತ್ತದೆ, ಟೆಂಪ್ಲೇಟ್‌ನಿಂದ ಬಂದದ್ದು ಕೂಡ. ತುಂಬಿದ ಟೆಂಪ್ಲೇಟ್‌ನ ಮೇಲೆ ರೀಸ್ಟೋರ್ ಮಾಡಿದರೆ 'ಇದು ಆಗಲೇ ಇದೆ' ಅಂತ ಎರರ್‌ಗಳ ಸಾಲೇ ಬರುತ್ತದೆ.

ಈಗಿನ ನಮ್ಮ ಪದ್ಧತಿ ಹೀಗಿದೆ. ಮಾದರಿ ಡೇರಿ ಅಂತ ನಮ್ಮದೇ ಒಂದು ಟೆಂಪ್ಲೇಟ್ ಇದೆ. ಅದನ್ನು ಒಂದು ಸ್ಕ್ರಿಪ್ಟ್ ಕಟ್ಟುತ್ತದೆ: ಟೆಂಪ್ಲೇಟ್0ಯಿಂದ ಶುರು, ಎನ್‌ಕೋಡಿಂಗ್ ಯುಟಿಎಫ್-8, ಕ್ರಮ ಐಸಿಯು ಕನ್ನಡ. ಆಮೇಲೆ ಎಕ್ಸ್‌ಟೆನ್ಶನ್‌ಗಳು. ಹೆಸರು ಅರ್ಧ ಟೈಪ್ ಮಾಡಿದರೂ ಹುಡುಕಿ ಕೊಡುವ ಟ್ರೈಗ್ರಾಂ ನಮಗೆ ತುಂಬಾ ಮುಖ್ಯ, ಯಾಕೆಂದರೆ ಹಾಲು ಹಾಕಲು ಜನ ಸಾಲಾಗಿ ನಿಂತಿರುತ್ತಾರೆ. ಆಮೇಲೆ ಟೇಬಲ್‌ಗಳು, 'ಇಲ್ಲದಿದ್ದರೆ ಮಾತ್ರ' ಅನ್ನುವ ಷರತ್ತು ಎಲ್ಲೂ ಇಲ್ಲದೆ. ಆಮೇಲೆ ಖಾತೆಗಳ ಪಟ್ಟಿಯಂಥ ಎಲ್ಲ ಡೇರಿಗೂ ಒಂದೇ ಆಗಿರುವ ಡೇಟಾ. ದರದ ಚಾರ್ಟ್ ಹಾಕುವುದಿಲ್ಲ. ಅದು ಬದಲಾಗುತ್ತಾ ಇರುತ್ತದೆ, ಹಳೇ ದರ ಮಾದರಿಯಲ್ಲಿ ಉಳಿದುಬಿಟ್ಟರೆ ಫ್ಯಾಟ್‌ನ ಕಥೆಯೇ ಮತ್ತೆ. ಎಲ್ಲ ಆದ ಮೇಲೆ ಟೆಂಪ್ಲೇಟ್ ಅನ್ನುವ ಗುರುತು ಹಾಕಿ, ಕನೆಕ್ಷನ್ ಬಂದ್ ಮಾಡುತ್ತೇವೆ. ಗುರುತು ಹಾಕಿದರೆ ಡೇಟಾಬೇಸ್ ಮಾಡುವ ಅಧಿಕಾರ ಇರುವ ಯಾರು ಬೇಕಾದರೂ ಅದರಿಂದ ನಕಲು ತೆಗೆಯಬಹುದು, ಎಲ್ಲ ಅಧಿಕಾರ ಇರುವ ಸೂಪರ್‌ಯೂಸರ್ ಪಾಸ್‌ವರ್ಡ್ ಎಲ್ಲರಿಗೂ ಕೊಡಬೇಕಾಗಿಲ್ಲ. ಕನೆಕ್ಷನ್ ಬಂದ್ ಮಾಡಿದರೆ ಇನ್ನೊಂದು ಅನುಕೂಲ. ಟೆಂಪ್ಲೇಟ್‌ಗೆ ಯಾರಾದರೂ ಕನೆಕ್ಟ್ ಆಗಿದ್ದಾಗ ನಕಲು ತೆಗೆಯಲು ಆಗುವುದಿಲ್ಲ, ಬೇರೆಯವರು ಬಳಸುತ್ತಿದ್ದಾರೆ ಅಂತ ಎರರ್ ಬರುತ್ತದೆ. ಯಾರೋ ಒಂದು ವಿಂಡೋ ತೆರೆದಿಟ್ಟು ಟೀ ಕುಡಿಯಲು ಹೋದರೂ ಸಾಕು.

ಆದರೆ ಕನೆಕ್ಷನ್ ಬಂದ್ ಮಾಡುವುದರಲ್ಲಿ ಒಂದು ತೊಡಕಿದೆ. ಎಲ್ಲ ಡೇಟಾಬೇಸ್‌ಗಳನ್ನೂ ಒಟ್ಟಿಗೆ ತೆಗೆಯುವ ಪಿಜಿ ಡಂಪ್‌ಆಲ್, ಕನೆಕ್ಟ್ ಆಗಲು ಬಿಡದ ಡೇಟಾಬೇಸನ್ನು ಬಿಟ್ಟುಬಿಡುತ್ತದೆ. ನಿಮ್ಮ ಮಾದರಿ ಬ್ಯಾಕಪ್‌ನಲ್ಲಿ ಇರುವುದಿಲ್ಲ. ದೊಡ್ಡ ವರ್ಷನ್ ಬದಲಿಸುವ ಪಿಜಿ ಅಪ್‌ಗ್ರೇಡ್ ಕೂಡ ಟೆಂಪ್ಲೇಟ್0 ಬಿಟ್ಟು ಬೇರೆ ಯಾವುದಾದರೂ ಹೀಗೆ ಮುಚ್ಚಿದ್ದರೆ ಮುಂದೆ ಹೋಗುವುದಿಲ್ಲ. ಅದಕ್ಕೇ ನಾವು ಮಾದರಿ ಡೇಟಾಬೇಸನ್ನು ಜೋಪಾನ ಮಾಡುವುದಿಲ್ಲ, ಅದನ್ನು ಕಟ್ಟುವ ಸ್ಕ್ರಿಪ್ಟನ್ನು ಜೋಪಾನ ಮಾಡುತ್ತೇವೆ. ಅದು ಗಿಟ್‌ನಲ್ಲಿದೆ, ಪ್ರತಿ ತಿದ್ದುಪಡಿಯೂ ಅಲ್ಲಿ ದಾಖಲಾಗುತ್ತದೆ. ಏನಾದರೂ ಬದಲಿಸಬೇಕಾದರೆ ಮಾದರಿಯ ಒಳಗೆ ಹೋಗಿ ಕೈ ಹಾಕುವುದಿಲ್ಲ, ಸ್ಕ್ರಿಪ್ಟ್ ತಿದ್ದಿ ಹೊಸ ಮಾದರಿ ಕಟ್ಟುತ್ತೇವೆ. ಮಾದರಿ ಬದಲಾದರೆ ಅದರಿಂದ ಆಗಲೇ ಹುಟ್ಟಿದ ಡೇಟಾಬೇಸ್‌ಗಳು ಬದಲಾಗುವುದಿಲ್ಲ ಅನ್ನುವುದೂ ನೆನಪಿರಲಿ. ಅವಕ್ಕೆ ಬೇರೆಯೇ ಮೈಗ್ರೇಶನ್, ಅಂದರೆ ಟೇಬಲ್‌ಗಳನ್ನು ಬದಲಿಸುವ ಸ್ಕ್ರಿಪ್ಟ್, ಓಡಿಸಬೇಕು.

ನಕಲಿನಲ್ಲಿ ಬಾರದ ವಿಷಯಗಳೂ ಇವೆ. ಡೇಟಾಬೇಸ್‌ನ ಮೇಲೆಯೇ ಹಾಕಿದ ಸೆಟ್ಟಿಂಗ್ ಬರುವುದಿಲ್ಲ, ಡೇಟಾಬೇಸ್‌ಗೆ ಯಾರು ಕನೆಕ್ಟ್ ಆಗಬಹುದು ಅನ್ನುವ ಪರ್ಮಿಶನ್ ಬರುವುದಿಲ್ಲ. ಒಳಗಿನ ಟೇಬಲ್‌ಗಳ ಪರ್ಮಿಶನ್ ಬರುತ್ತದೆ, ಹೊರಬಾಗಿಲಿನದ್ದು ಬರುವುದಿಲ್ಲ. ಯೂಸರ್‌ಗಳು ಇಡೀ ಸರ್ವರ್‌ಗೆ ಸೇರಿದವರು, ಅವರ ಪ್ರಶ್ನೆಯೇ ಇಲ್ಲ. ನಾವು ಮಾದರಿಯ ಮೇಲೆ ಟೈಂ ಝೋನ್ ಭಾರತದ್ದು ಅಂತ ಹಾಕಿ ನೆಮ್ಮದಿಯಾಗಿದ್ದೆವು. ಹೊಸ ಡೇಟಾಬೇಸ್‌ಗೆ ಅದು ಬಂದೇ ಇರಲಿಲ್ಲ, ಸರ್ವರ್‌ನ ಯುಟಿಸಿಯೇ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದಿರುವ ಸಮಯವೇ, ನಡೆಯುತ್ತಿತ್ತು. ಟ್ರಯಲ್‌ನಲ್ಲೇ ಸಿಕ್ಕಿತು, ಪುಣ್ಯ. ಬೆಳಗ್ಗೆ ಐದೂವರೆಗಿಂತ ಮೊದಲು ಹಾಕಿದ ಹಾಲು ಹಿಂದಿನ ದಿನದ ಲೆಕ್ಕಕ್ಕೆ ಹೋಗಿತ್ತು. ಈಗ ನಕಲು ತೆಗೆದ ತಕ್ಷಣ ಓಡುವ ಇನ್ನೊಂದು ಚಿಕ್ಕ ಸ್ಕ್ರಿಪ್ಟ್ ಇದೆ, ಟೈಂ ಝೋನ್ ಮತ್ತು ಕನೆಕ್ಟ್ ಪರ್ಮಿಶನ್ ಅದು ಹಾಕುತ್ತದೆ.

ವೇಗದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಖಾಲಿ ಡೇಟಾಬೇಸ್ ಅಂದರೆ ಸುಮಾರು 7 ಎಂಬಿ, ಕಣ್ಣು ಮಿಟುಕಿಸುವುದರೊಳಗೆ ಆಗುತ್ತದೆ. 15ನೇ ವರ್ಷನ್‌ನಿಂದ ನಕಲು ಮಾಡಲು ಎರಡು ದಾರಿ ಇವೆ. ತಾನಾಗಿ ಆರಿಸಿಕೊಳ್ಳುವುದು ಪ್ರತಿ ಬ್ಲಾಕನ್ನೂ ವಾಲ್ ಲಾಗ್‌ಗೆ (ಬದಲಾವಣೆಗಳನ್ನೆಲ್ಲ ದಾಖಲಿಸುವ ಕಡತಕ್ಕೆ) ಬರೆಯುತ್ತಾ ಹೋಗುವ ದಾರಿ, ಸಣ್ಣ ಟೆಂಪ್ಲೇಟ್‌ಗೆ ಅದೇ ಒಳ್ಳೆಯದು. ಹತ್ತಾರು ಜಿಬಿ ಡೇಟಾ ಇರುವ ಟೆಂಪ್ಲೇಟ್ ಆದರೆ ಫೈಲ್ ಕಾಪಿ ಅಂತ ಕೇಳಿ. ಟೆಸ್ಟ್ ಬರೆಯುವವರಿಗೆ ಮಾತ್ರ ಒಂದು ಮಾತು. ಪ್ರತಿ ಟೆಸ್ಟ್‌ಗೂ ಮೈಗ್ರೇಶನ್‌ಗಳನ್ನು ಮೊದಲಿನಿಂದ ಓಡಿಸುವ ಬದಲು ಒಂದು ಸಲ ಓಡಿಸಿ ಟೆಂಪ್ಲೇಟ್ ಮಾಡಿಕೊಳ್ಳಿ. ಆಮೇಲೆ ನಕಲು ತೆಗೆಯಿರಿ, ಟೆಸ್ಟ್ ಮುಗಿದ ಮೇಲೆ ಬಿಸಾಡಿ. ನಮ್ಮಲ್ಲಿ ಟೆಸ್ಟ್ ಕಾಯುತ್ತಾ ಕೂರುವುದು ಇದರಿಂದಲೇ ತಪ್ಪಿತು.

ಇನ್ನೊಂದು ಎರರ್ ನಿಮಗೂ ಒಂದು ದಿನ ಸಿಗಬಹುದು. ಆಪರೇಟಿಂಗ್ ಸಿಸ್ಟಂ ಅಪ್‌ಗ್ರೇಡ್ ಮಾಡಿದ ಮೇಲೆ, ಅಥವಾ ಡಾಕರ್ ಇಮೇಜ್ (ಪೋಸ್ಟ್‌ಗ್ರೆಸ್ ಮತ್ತು ಅದಕ್ಕೆ ಬೇಕಾದ ಸಿಸ್ಟಂ ಒಟ್ಟಿಗೆ ಕಟ್ಟಿದ ಪೊಟ್ಟಣ) ಹೊಸದು ಎಳೆದ ಮೇಲೆ, ಡೇಟಾಬೇಸ್ ಮಾಡಲು ಹೋದರೆ ಟೆಂಪ್ಲೇಟ್‌ನ ಕೊಲೇಶನ್ (ಅಕ್ಷರ ಜೋಡಿಸುವ ಕ್ರಮ) ವರ್ಷನ್ ಹೊಂದುತ್ತಿಲ್ಲ ಅನ್ನುತ್ತದೆ. ಅಕ್ಷರ ಜೋಡಿಸುವ ನಿಯಮ ಇರುವುದು ಸಿಸ್ಟಂನ ಲೈಬ್ರರಿಯಲ್ಲಿ, ಅದರ ವರ್ಷನ್ ಬದಲಾಗಿದೆ ಅಂತ ಅರ್ಥ. ಕೆಲವೊಮ್ಮೆ ಕ್ರಮವೇ ಬದಲಾಗಿರುತ್ತದೆ. 2018ರಲ್ಲಿ ಲಿನಕ್ಸ್‌ನ ಲೈಬ್ರರಿ ಜಿಲಿಬ್‌ಸಿ 2.28 ಬಂದಾಗ ಎಷ್ಟೋ ಕಡೆ ಇಂಡೆಕ್ಸ್‌ಗಳು ಕೆಟ್ಟಿದ್ದು ಇದಕ್ಕೇ. ವರ್ಷನ್ ರಿಫ್ರೆಶ್ ಮಾಡುವ ಕಮಾಂಡ್ ಹುಡುಕಿದರೆ ತಕ್ಷಣ ಸಿಗುತ್ತದೆ, ಅದನ್ನು ಕೊಟ್ಟರೆ ಎರರ್ ಹೋಗುತ್ತದೆ. ದಯವಿಟ್ಟು ಅಷ್ಟಕ್ಕೇ ಬಿಡಬೇಡಿ. ಡೇಟಾ ಇರುವ ಡೇಟಾಬೇಸ್ ಆದರೆ ಮೊದಲು ರೀಇಂಡೆಕ್ಸ್ ಮಾಡಿ (ಇಂಡೆಕ್ಸ್‌ಗಳನ್ನು ಹೊಸದಾಗಿ ಕಟ್ಟಿ), ಆಮೇಲೆ ರಿಫ್ರೆಶ್. ಮಾದರಿಯನ್ನಂತೂ ನಾವು ತೆಗೆದುಹಾಕಿ ಸ್ಕ್ರಿಪ್ಟ್‌ನಿಂದ ಮತ್ತೆ ಕಟ್ಟುತ್ತೇವೆ.

ಆ ಸ್ಕ್ರಿಪ್ಟ್‌ನ ಕೊನೆಯಲ್ಲಿ, ಟೆಂಪ್ಲೇಟ್ ಗುರುತು ಹಾಕುವುದಕ್ಕೆ ಮೊದಲು, ಎರಡು ಪರೀಕ್ಷೆ ಇಟ್ಟಿದ್ದೇನೆ. ಒಂದು, ಹಾಲು ಖರೀದಿ ಟೇಬಲ್‌ಗೆ 4.4 ಹಾಕಿ ಅದೇ 4.4 ವಾಪಸ್ ಬರುತ್ತದಾ ಅಂತ ನೋಡುವುದು. ನೋಡಿದ ಮೇಲೆ ಆ ಸಾಲು ರೋಲ್‌ಬ್ಯಾಕ್ ಆಗುತ್ತದೆ, ಅಂದರೆ ಟೇಬಲ್‌ನಲ್ಲಿ ಉಳಿಯುವುದಿಲ್ಲ. ಇನ್ನೊಂದರಲ್ಲಿ ನಾಲ್ಕು ಹೆಸರು ಇವೆ: ಕಳಕಪ್ಪ, ಕಸ್ತೂರೆವ್ವ, ಕಲ್ಲಪ್ಪ, ಕವಿತಾ. ಜೋಡಿಸಿದಾಗ ಕಳಕಪ್ಪ ಕೊನೆಗೆ ಬರದಿದ್ದರೆ ಸ್ಕ್ರಿಪ್ಟ್ ಅಲ್ಲೇ ನಿಲ್ಲುತ್ತದೆ.